ಒಂಬತ್ತು ಇಪ್ಪತ್ತರ ಸೀನು

ನನ್ನ ಸೀನಿನ ವಿಚಾರ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೂರಬಾರದು. ಇಪ್ಪತ್ತೆಂಟು ವರ್ಷ ಮೆಣಸಿನಕಾಯಿ ಮಂಡಿಯಲ್ಲಿ ದುಡಿದವನು ನಾನು. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಮುರಿದು, ಮೂಸಿ, ಇದು ಯಾವ ಮಣ್ಣಿನದು, ಎಷ್ಟು ಬಿಸಿಲು ಕಂಡಿದೆ, ತೂಕ ಬರಲೆಂದು ಯಾರಾದರೂ ನೀರು ಚಿಮುಕಿಸಿದ್ದಾರೋ ಎಂದು ಹೇಳುವುದು ನನ್ನ ಕೆಲಸ. ಆ ಕೆಲಸ ನನಗೆ ಅನ್ನ ಕೊಟ್ಟಿತು, ಜೊತೆಗೆ ಈ ಸೀನನ್ನೂ ಕೊಟ್ಟಿತು. ನಾನು ಸೀನಿದರೆ ಮಂಡಿಯ ತಗಡಿನ ಮೇಲೆ ಕೂತ ಪಾರಿವಾಳಗಳೆಲ್ಲ ಒಮ್ಮೆ ಹಾರಿ ಮತ್ತೆ ಕೂರುತ್ತವೆ. ಅದೂ ಒಂದೇ ಸೀನು. ಬೇರೆಯವರು ನಾಲ್ಕು ಸಲಕ್ಕೆ ಮುಗಿಸುವುದನ್ನು ನಾನು ಒಂದೇ ಏಟಿಗೆ ಮುಗಿಸುತ್ತೇನೆ. ಹೆಂಡತಿ ಬದುಕಿದ್ದಾಗ "ಸೀನೂದಿದ್ರ ಊರ ಹೊರಗ ಹೋಗಿ ಸೀನಿ ಬರ್ರಿ" ಅನ್ನುತ್ತಿದ್ದಳು. ಅವಳು ತೀರಿಕೊಂಡು ಒಂಬತ್ತು ವರ್ಷವಾಯಿತು. ಆಮೇಲೆ ನನ್ನ ಸೀನಿಗೆ ಬೈಯುವವರೂ ಇರಲಿಲ್ಲ.

ಈ ಊರಿಗೆ ನಾನು ಬಂದದ್ದು ಒಂದೇ ದಿನದ ಮಟ್ಟಿಗೆ. ಇಲ್ಲಿಯ ಹೊಲಗಳಲ್ಲಿ ಆ ವರ್ಷ ಬೆಳೆ ಚೆನ್ನಾಗಿ ಬಂದಿದೆ, ನೋಡಿಕೊಂಡು ಬಾ ಎಂದು ಮಂಡಿಯ ಮಾಲೀಕರು ಕಳಿಸಿದ್ದರು. ಬೆಳಗಿನ ಒಂಬತ್ತರ ಬಸ್ಸಿಗೆ ಇಳಿದೆ. ಬೀದಿಯ ಎರಡೂ ಬದಿಗೆ ಚಾಪೆ ಹಾಸಿ ಮೆಣಸಿನಕಾಯಿ ಒಣಗಲು ಹಾಕಿದ್ದರು. ಇಷ್ಟೊಂದು ಮೆಣಸಿನಕಾಯಿ ಇರುವ ಊರು ಇಷ್ಟೊಂದು ಮೆತ್ತಗೆ ಹೇಗಿದೆ ಎಂದು ಆಶ್ಚರ್ಯಪಡುತ್ತ ನಡೆದೆ. ಚಹದಂಗಡಿಯಲ್ಲಿ ಜನ ಪಿಸುಗುಡುತ್ತಿದ್ದರು. ಎತ್ತಿನ ಕೊರಳ ಗಂಟೆಗೆ ಬಟ್ಟೆ ಸುತ್ತಿದ್ದರು. ಹೀಗೆ ನೋಡುತ್ತ ನೋಡುತ್ತ ಒಂದು ಗೇಟಿನ ಮುಂದೆ ಬಂದಾಗ ಮೂಗು ತುರಿಸಿತು. ಅದೇ ಹೊತ್ತಿಗೆ ಗೇಟು ತೆಗೆದು ಒಬ್ಬ ಹೆಂಗಸು ಕಂಕುಳಲ್ಲಿ ಕಡತ ಹಿಡಿದು ಬಲಗಾಲು ಹೊರಗಿಟ್ಟಳು. ನಾನು ಸೀನಿದೆ.

ಆಕೆ ಇಟ್ಟ ಕಾಲನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಲವತ್ತೆಂಟು ಐವತ್ತರ ಹೆಂಗಸು, ಹಣೆಗೆ ವಿಭೂತಿ, ಮೂಗಿನ ತುದಿಯಲ್ಲಿ ಸಿಟ್ಟು. "ಒಂಟಿ ಸೀನು," ಎಂದಳು, ಅದೂ ಮೆತ್ತಗೆ. "ನಾಕು ತಿಂಗಳಿಂದ ಅಡ್ಯಾಡಾಕತ್ತೀನಿ, ಇವತ್ತು ಸಾಹೇಬ್ರು ಕೂಡ್ರುವ ದಿನ. ಇವತ್ತ ಸಿಕ್ತೇನ್ರಿ ನಿಮಗ ನನ್ನ ಬಾಗಲಾ?" ನಾನು ಕ್ಷಮೆ ಕೇಳುವಷ್ಟರಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಟವರಿಗೆ ಒಂಟಿ ಸೀನು ಕೇಳಿದರೆ ಹೋದ ಕೆಲಸ ಕೆಡುತ್ತದೆ, ಜೋಡಿಯಾದರೆ ಹಣ್ಣಾಗುತ್ತದೆ ಎಂಬುದು ನನಗೂ ಗೊತ್ತಿತ್ತು. ಆದರೆ ಸೀನಿಗೆ ನನ್ನ ಅಪ್ಪಣೆ ಬೇಕಿರಲಿಲ್ಲವಲ್ಲ.

ತಪ್ಪಿಸಿಕೊಂಡು ಹೊರಡುವಷ್ಟರಲ್ಲಿ ಎರಡು ಮನೆ ಆಚೆಯ ಕಟ್ಟೆಯಿಂದ ಒಬ್ಬ ಕೈಮಾಡಿ ಕರೆದ. ಅವನೇ ದ್ಯಾಮಣ್ಣ, ಆಮೇಲೆ ನನಗೆ ಮಲಗಲು ಪಡಸಾಲೆ ಕೊಟ್ಟ ಪುಣ್ಯಾತ್ಮ. "ಕೇಳ್ತು ನನಗ," ಎಂದ.

"ಏನು ಕೇಳ್ತು?"

"ನಿಮ್ಮ ಸೀನು. ಚಲೋ ಕೇಳ್ತು. ನಂದು ಮೂರನೇ ಮನಿ. ಮೂರನೇ ಮನಿಗೆ ಕೇಳಿದ ಸದ್ದು ನಾಳಿ ಅದ ಹೊತ್ತಿಗೆ ಅದ ಜಾಗಾಕ್ಕ ಒಂದ ಸಲ ತಿರುಗಿ ಬರ್ತೈತಿ. ಮಾಡಿದವ್ರು ಬಂದು ನಿಲ್ಬೇಕು. ಒಂಬತ್ತು ಇಪ್ಪತ್ತಕ್ಕ, ಮರೀಬ್ಯಾಡ್ರಿ."

ಇವನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದುಕೊಂಡು ನಾನು ಹೊಲ ನೋಡಿ, ಮೆಣಸಿನಕಾಯಿ ಮುರಿದು ಮೂಸಿ, ಮಾತು ಮುಗಿಸಿ ಸಂಜೆಯ ಬಸ್ಸಿಗೆ ಹೋದೆ. ಕಂಡಕ್ಟರ್ ಟಿಕೆಟ್ ಕೊಡುವ ಮೊದಲು "ಸದ್ದು ಏನರ ಉಳದೈತೇನ್ರಿ?" ಎಂದು ಕೇಳಿದ. ನಾನು ನಕ್ಕು ಬೆಳಗಿನ ಸಂಗತಿ ಹೇಳಿದೆ. ಅವನು ನಗಲಿಲ್ಲ. ನನ್ನ ಚೀಲವನ್ನು ತಾನೇ ಕೆಳಗಿಳಿಸಿ, ಧೂಳು ಕೊಡವಿ ನನ್ನ ಕೈಗೆ ಕೊಟ್ಟ.

ಹೀಗೆ ನಾನು ಈ ಊರಿನ ಕಾಯ್ದೆ ಕಲಿತೆ. ಯಾಕೆ ಹೀಗೆ ಎಂದು ದ್ಯಾಮಣ್ಣನನ್ನು ಕೇಳದೆ ಇರಲಿಲ್ಲ. "ಮತ್ತ ನಿಮ್ಮೂರಾಗ ಮಾಡಿದ ಸದ್ದು ಎಲ್ಲಿಗೆ ಹೋಗ್ತಾವ್ರಿ?" ಎಂದು ಅವನು ನನ್ನನ್ನೇ ತಿರುಗಿ ಕೇಳಿದ. ಊರಿನವರಂತೂ ಈ ಮರುಸದ್ದಿಗೆ ಒಗ್ಗಿ ಹೋಗಿದ್ದಾರೆ. ಶಾಲೆಯ ಮಾಸ್ತರರು ಸೋಮವಾರ ಮಕ್ಕಳಿಂದ ಮಗ್ಗಿ ಕೂಗಿಸುತ್ತಾರೆ. ಮಂಗಳವಾರ ಮಗ್ಗಿ ತಾನೇ ಬರುತ್ತದೆ, ಮಕ್ಕಳು ಕೈಕಟ್ಟಿ ಕೇಳುತ್ತಾರೆ, ಮಾಸ್ತರರು ಕುರ್ಚಿಯಲ್ಲಿ ಕಣ್ಣು ಮುಚ್ಚುತ್ತಾರೆ. ಮದುವೆಯ ಮಾರನೇ ದಿನ ವಾಲಗದವರು ಖಾಲಿ ಕೈಯಲ್ಲಿ ಬಂದು ಚಪ್ಪರದ ಕೆಳಗೆ ಕೂರುತ್ತಾರೆ, ಅವರ ನಿನ್ನೆಯ ವಾಲಗ ಅವರ ತಲೆಯ ಮೇಲೆ ಮೊಳಗುತ್ತದೆ, ಅವರಿಗೆ ಎರಡನೇ ಊಟ ಹಾಕಲೇಬೇಕು. ಗಂಡಹೆಂಡಿರಿಗೆ ಜೋರಾಗಿ ಜಗಳವಾಡಬೇಕೆನಿಸಿದರೆ ಸೀಮೆಕಲ್ಲು ದಾಟಿ ಹೋಗಿ ಆಡಿ ಬರುತ್ತಾರೆ. ಅಷ್ಟು ದೂರ ನಡೆಯುವಷ್ಟರಲ್ಲಿ ಅರ್ಧ ಜಗಳ ಮರೆತಿರುತ್ತದೆ. ತೊಂದರೆಯೆಂದರೆ ಕುಕ್ಕರಿನದು. ನಿನ್ನೆಯ ಸೀಟಿಯನ್ನು ಇವತ್ತಿನದೆಂದು ಎಣಿಸಿ ಇಳಿಸಿದ ಬೇಳೆಯನ್ನು ನಾನೂ ಅನೇಕ ಸಲ ಅಗಿದು ತಿಂದಿದ್ದೇನೆ.

ಮಾರನೇ ದಿನ ಒಂಬತ್ತು ಇಪ್ಪತ್ತಕ್ಕೆ ಹೋಗಿ ಗೇಟಿನ ಮುಂದೆ ನಿಂತೆ. ಆ ಹೆಂಗಸು, ಹಾಲವ್ವ ಅವಳ ಹೆಸರು, ಕಡತ ಹಿಡಿದು ಹೊಸ್ತಿಲ ಒಳಗೇ ನಿಂತಿದ್ದಳು. ಸೀನು ಬಂತು. ನನ್ನದೇ ಸೀನು, ನನ್ನ ಬಾಯಿಯಿಂದಲ್ಲದೆ. ನನ್ನ ಜೀವಮಾನದಲ್ಲಿ ಮೊದಲ ಸಲ ಅದನ್ನು ಹೊರಗಿನಿಂದ ಕೇಳಿದೆ. ನನ್ನ ಹೆಂಡತಿ ಸುಮ್ಮನೆ ಬೈಯುತ್ತಿರಲಿಲ್ಲ ಎಂದು ಆಗ ಗೊತ್ತಾಯಿತು.

"ಇನ್ನೊಂದು ಸೀನ್ರಿ," ಎಂದಳು ಹಾಲವ್ವ.

"ಏನು?"

"ಲಗೂನ ಸೀನ್ರಿ! ಜೋಡಿ ಮಾಡ್ರಿ. ಇವತ್ತೂ ಒಂಟಿ ಸೀನಿಗೆ ಕೂತ್ರ ನನ್ನ ಗಿರಣಿ ಹೋದಂಗ."

ಕಿಸೆಯಲ್ಲಿ ನಿನ್ನೆಯ ಹೊಲದ ಮೆಣಸಿನಕಾಯಿ ಇತ್ತು. ಮುರಿದು ಮೂಸಿದೆ, ಸೀನಿದೆ. ಅವಳು ಬಲಗಾಲಿಟ್ಟು ಹೊರಟುಹೋದಳು. ನಾನೂ ಒಂದು ಉಪಕಾರ ಮಾಡಿದ ಸಂತೋಷದಲ್ಲಿ ತಿರುಗಿದರೆ, ದ್ಯಾಮಣ್ಣ ಕಟ್ಟೆಯ ಮೇಲಿಂದ "ಇದೂ ಕೇಳ್ತು!" ಎಂದು ಕೈ ಎತ್ತಿದ. ಆಗ ತಲೆಗೆ ಹೊಳೆಯಿತು. ಇವತ್ತಿನ ಸೀನು ನಾಳೆ ಬರುತ್ತದೆ, ಒಂಟಿಯಾಗಿ. ಅದಕ್ಕೆ ನಾಳೆ ಜೋಡಿ ಬೇಕು. ನಾಳೆಯ ಜೋಡಿ ನಾಡಿದ್ದು ಒಂಟಿ. ಗುಂಡಿಯಿಂದ ಮೇಲೆ ಬರಲು ಗುಂಡಿಯನ್ನೇ ತೋಡುತ್ತ ಹೋದಂತಾಗಿತ್ತು.

"ನೀವು ಒಂಬತ್ತಕ್ಕ ಹೊಂಟುಬಿಡ್ರಿ, ಇಲ್ಲಾ ಒಂಬತ್ತೂವರಿಗೆ," ಎಂದು ಅವಳಿಗೆ ಹೇಳಿ ನೋಡಿದೆ. ಜೋಯಿಸರು ಬರೆದುಕೊಟ್ಟ ಗಳಿಗೆ ಒಂಬತ್ತು ಇಪ್ಪತ್ತು, ಈ ಕೆಲಸ ಮುಗಿಯುವವರೆಗೆ ಅದನ್ನು ದಾಟುವಂತಿಲ್ಲ ಎಂದಳು. "ನಿಮ್ಮ ಸೀನಿಗಿಂತ ಮೊದಲಿಂದ ಐತ್ರಿ ನನ್ನ ಗಳಿಗಿ. ಸರಿಯೂದಿದ್ರ ಸೀನ ಸರೀಬೇಕು."

ಅವಳ ಕೆಲಸ ಇಷ್ಟೇ. ಹಿತ್ತಲಿನಲ್ಲಿ ಗಂಡ ಕಟ್ಟಿದ ಖಾರದ ಗಿರಣಿ ಇತ್ತು. ಅವನು ಸತ್ತ ಮೇಲೆ ಮುಚ್ಚಿತ್ತು. ಈಗ ನಾಲ್ಕು ವರ್ಷದ ನಂತರ ಅದನ್ನು ತಾನೇ ನಡೆಸುತ್ತೇನೆ ಎಂದು ಹೊರಟಿದ್ದಳು. ಗಿರಣಿ ಎಂದರೆ ಸದ್ದು, ಸದ್ದು ಎಂದರೆ ಸದ್ದಿನ ಕಚೇರಿಯ ಒಪ್ಪಿಗೆ. ಕಚೇರಿಯಲ್ಲಿ ಗುಮಾಸ್ತ ಮೌನೇಶಪ್ಪ ದಿನವೂ ಕಡತ ತೆಗೆದುಕೊಂಡು, ದಾರ ಬಿಚ್ಚಿ, ನೋಡಿ, ದಾರ ಕಟ್ಟಿ, ನಾಳೆ ಬನ್ನಿ ಅನ್ನುತ್ತಿದ್ದ. ಯಾಕೆಂದು ಅವನು ಹೇಳಲಿಲ್ಲ, ಕೇಳಲು ಇವಳು ದನಿ ಎತ್ತಲಿಲ್ಲ. ಅವಳ ದನಿ ಎತ್ತರಕ್ಕೆ ಹೋಗುವುದನ್ನು ನಾನು ಕೇಳಿಯೇ ಇರಲಿಲ್ಲ. ನನ್ನನ್ನು ಬೈಯುವುದನ್ನೂ ಪಿಸುಮಾತಿನಲ್ಲೇ ಬೈಯುತ್ತಿದ್ದಳು, ಅದು ಇನ್ನೂ ನಾಟುತ್ತಿತ್ತು.

ದಿನಗಳು ಹೀಗೇ ಹೋದವು. ಮಂಡಿಯಿಂದ ಫೋನು ಬಂದರೆ ಜ್ವರ ಎಂದೆ. ಸೀನಿಗಾಗಿ ಪರವೂರಿನಲ್ಲಿ ಉಳಿದಿದ್ದೇನೆ ಎಂದರೆ ಯಾವ ಮಾಲೀಕರು ನಂಬಿಯಾರು? ಬೀದಿಯವರು ಮೊದಲು ಬೇಸರಪಟ್ಟರು, ಆಮೇಲೆ ರೂಢಿ ಮಾಡಿಕೊಂಡರು, ಆಮೇಲೆ ಜೋಡಿ ಸೀನು ಕೇಳಿ ಗಡಿಯಾರ ಸರಿಮಾಡಿಕೊಳ್ಳತೊಡಗಿದರು. ಮಗಳನ್ನು ಪರೀಕ್ಷೆಗೆ ಕಳಿಸುವವರು, ಬಿತ್ತನೆಗೆ ಹೊರಡುವವರು ಒಂಬತ್ತು ಇಪ್ಪತ್ತಕ್ಕೆ ಕಾದು ಹೊರಡುತ್ತಿದ್ದರು. ಹಾಲವ್ವ ಒಂದು ದಿನ ಗೇಟಿನ ಮೇಲೆ ಒಂದು ಲೋಟ ಮಜ್ಜಿಗೆ ಇಟ್ಟಿದ್ದಳು. "ಮೂಗು ಉರೀತಿರಬೇಕು," ಎಂದಳಷ್ಟೇ. ಇನ್ನೊಂದು ದಿನ ಮಜ್ಜಿಗೆಯ ಪಕ್ಕ ಒಂದು ರೊಟ್ಟಿಯೂ, ರೊಟ್ಟಿಯ ಮೇಲೆ ಚಟ್ನಿಯೂ ಬಂತು. ಚಟ್ನಿಯ ಖಾರ ಬಾಯಿಗಿಟ್ಟ ಕೂಡಲೇ ನಾನು "ಇದು ಗಿರಣ್ಯಾಗ ಹಾಕಿದ್ದಲ್ಲ, ಕುಟ್ಟಿದ್ದು. ಕಾಯಿ ಕರೀ ಹೊಲದ್ದು, ತೊಟ್ಟು ತೆಗದು ಕುಟ್ಟೀರಿ," ಎಂದೆ. ಅವಳು ಮೊದಲ ಸಲ ನನ್ನ ಮುಖವನ್ನು ಸಿಟ್ಟಿಲ್ಲದೆ ನೋಡಿದಳು. ನನಗೆ ಬಹಳ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಹನ್ನೆರಡನೇ ದಿನ ಅಮಾವಾಸ್ಯೆ. ತಿಂಗಳಿಗೆ ಅದೊಂದೇ ದಿನ ಸದ್ದಿನ ಕಚೇರಿಗೆ ರಜೆ, ಹಾಲವ್ವ ಎಲ್ಲಿಗೂ ಹೊರಡುವುದಿಲ್ಲ. ಹೊರಡುವವರಿಲ್ಲದ ಮೇಲೆ ಒಂಟಿ ಸೀನಿನಿಂದ ಕೆಡುವುದೂ ಇಲ್ಲ. ನಿಂತು ನಿನ್ನೆಯ ಸೀನು ಕೇಳಿಸಿಕೊಂಡರೆ ಸರಪಳಿ ಹರಿಯಿತು, ಅವತ್ತೇ ನಾನು ಬಸ್ಸು ಹತ್ತಬಹುದು. ದ್ಯಾಮಣ್ಣ ಹಿಂದಿನ ಸಂಜೆಯೇ ಇದನ್ನು ಬಿಡಿಸಿ ಹೇಳಿದ್ದ. ನಾನು ಹೋಗಿ ನಿಂತೆ. ಹಾಲವ್ವ ಅಂಗಳದಲ್ಲಿ ಮೆಣಸಿನಕಾಯಿ ತಿರುವಿ ಹಾಕುತ್ತಿದ್ದಳು, ಈ ಕಡೆ ನೋಡಲಿಲ್ಲ. ಸೀನು ಬಂತು, ಹೋಯಿತು. ಬೀದಿ ಮೆತ್ತಗಾಯಿತು. ಇನ್ನೇನು, ಮುಗಿಯಿತಲ್ಲ ಎಂದು ನಿಂತವನ ಕೈ ತಾನಾಗಿ ಕಿಸೆಗೆ ಹೋಯಿತು, ಮೆಣಸಿನಕಾಯಿ ಮುರಿಯಿತು. ನಾನು ಸೀನಿದೆ.

ಹಾಲವ್ವ ತಲೆ ಎತ್ತಿದಳು. "ಇವತ್ತು ಬೇಕಾಗಿದ್ದಿಲ್ಲಲ್ರಿ," ಎಂದಳು.

"ರೂಢಿ ಆಗೇತಿ," ಎಂದೆ. "ಮೂಗಿಗೆ ಅಮಾಸಿ ಗೊತ್ತಾಗಂಗಿಲ್ಲ."

ಅವಳು ಮೆಣಸಿನಕಾಯಿ ತಿರುವುತ್ತಲೇ ಇದ್ದಳು. ಆಗಲೇ ತಿರುವಿ ಹಾಕಿದ್ದನ್ನೇ ಮತ್ತೆ ತಿರುವುತ್ತಿದ್ದಳು ಎಂಬುದು ಇಪ್ಪತ್ತೆಂಟು ವರ್ಷದ ಕಸುಬಿನವನ ಕಣ್ಣಿಗೆ ಕಾಣದೆ ಇರುತ್ತದೆಯೇ?

ಹದಿನೇಳನೇ ದಿನ ಮೌನೇಶಪ್ಪ ನನ್ನನ್ನೂ ಕಚೇರಿಗೆ ಕರೆಸಿದ. ಮುಂದೆ ಒಂದು ದಪ್ಪ ಪುಸ್ತಕ ಬಿಚ್ಚಿ ಕೂತಿದ್ದ, ಬೀದಿಯ ಪ್ರತಿ ಮನೆಗೂ ಒಂದೊಂದು ಪುಟ. ಬೆರಳಿನಿಂದ ಒಂದು ಪುಟ ತೋರಿಸಿದ. ಕೊನೆಯ ಬರಹದ ಕೆಳಗೆಲ್ಲ ಬಿಳಿ. "ಹಾಲವ್ವಾರ, ಇಷ್ಟ ದಿನ ಹೇಳೂದು ಹೆಂಗಂತ ಸುಮ್ಮನಿದ್ದೆ. ಪುಸ್ತಕದಾಗ ನಿಮ್ಮ ಮನಿ ಖಾಲಿ ಐತ್ರಿ."

"ಖಾಲಿ? ನಾನು ಅದೀನಲ್ರಿ!"

"ನೀವು ಅದೀರಿ. ಸದ್ದಿಲ್ಲ. ನಿಮ್ಮ ಯಜಮಾನ್ರು ಹೋದಾಗಿಂದ ನಾಕು ವರ್ಷ ಮೂರನೇ ಮನಿಗೆ ನಿಮ್ಮನೀದು ಒಂದು ಸದ್ದು ಕೇಳಿಲ್ಲ. ಸದ್ದಿಲ್ಲದ ಮನಿ ಖಾಲಿ ಮನಿ ಅಂತ ಕಾಯ್ದೆ. ಖಾಲಿ ಮನಿಗೆ ಗಿರಣಿ ಹೆಂಗ ಕೊಡ್ಲಿ ಹೇಳ್ರಿ?"

"ದಿನಾ ಎರಡು ಸೀನು ಕೇಳಾಕತ್ತಾವಲ್ಲ," ಎಂದೆ ನಾನು, ನನ್ನ ಸೀನಿಗಾದ ಅವಮಾನ ತಡೆಯದೆ.

"ಕೇಳಾಕತ್ತಾವು. ಅದಕ್ಕ ನಿಮ್ಮನ್ನ ಕರಿಸಿದ್ದು. ಸೀನು ಮನಿಯವ್ರದಾದ್ರ ಬರ್ಕೋತೀನಿ. ನೀವು ಇವ್ರ ಮನಿಯವ್ರೇನು?"

ಹಾಲವ್ವ ಸೆರಗು ಎಳೆದುಕೊಂಡಳು. ನಾನು ಮೇಲಿನ ಜಂತಿ ಎಣಿಸಿದೆ, ಏಳಿದ್ದವು. ಮೌನೇಶಪ್ಪ ನಮ್ಮಿಬ್ಬರನ್ನೂ ನೋಡಿ ಲೇಖನಿಗೆ ಮುಚ್ಚಳ ಹಾಕಿದ. "ನಾಳಿ ಒಂಬತ್ತು ಇಪ್ಪತ್ತಕ್ಕ ನಾನ ಬಂದು ನಿಂತು ನೋಡ್ತೀನಿ. ನಾಳಿ ಬಿಟ್ರ ಕಡತ ಮುಚ್ಚಬೇಕಾಕ್ಕೈತಿ. ಮತ್ತ ಬೇಕಂತ ಮಾಡಿದ ಸದ್ದು ನಡಿಯಂಗಿಲ್ಲ, ಮೊದ್ಲ ಹೇಳೀನಿ. ಬಾಳೇವು ಮಾಡೂ ಮನೀ ಸದ್ದು ಹೆಂಗಿರ್ತೈತಿ ಅಂತ ನನಗ ಗೊತ್ತಾಕ್ಕೈತಿ."

ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಬೇಕಂತಲೇ ಆದರೂ ಚಿಂತೆಯಿಲ್ಲ, ಒಮ್ಮೆ ಕೂಗಿಬಿಡಿ, ಅವನಿಗೇನು ಗೊತ್ತಾಗುತ್ತದೆ ಎಂದೆ. ಯಾರನ್ನಾದರೂ ಹೆಸರು ಹಿಡಿದು ಕರೆಯಿರಿ ಎಂದೆ. ಗೇಟಿಗೆ ಬಂದಾಗ ಹಾಲವ್ವ ನಿಂತಳು. "ಯಾರನ್ನ ಕರೀಲಿ ಫಕ್ಕೀರಪ್ಪಾರ?" ಎಂದಳು. "ಎಮ್ಮಿ ಮಾರೀನಿ. ಮಕ್ಕಳಿಲ್ಲ. ಹೆಸರು ಹಿಡದು ಕರೀಬೇಕಂದ್ರ ಒಬ್ರು ಬೇಕಲ್ರಿ." ಗೇಟು ಹಾಕಿಕೊಂಡು ಒಳಗೆ ಹೋದಳು. ಗೇಟಿನ ಚಿಲಕ ಕೂಡ ಸದ್ದು ಮಾಡಲಿಲ್ಲ, ಎಣ್ಣೆ ಬಿಟ್ಟಿದ್ದಳು. ನನಗೆ ಅವತ್ತು ಊಟ ಸೇರಲಿಲ್ಲ.

ಮಾರನೇ ದಿನ ಎದ್ದಾಗ ನೆಗಡಿ. ನನಗೆ! ಮೂಗು ಎರಡೂ ಕಡೆ ಗೋಡೆ ಕಟ್ಟಿದಂತೆ ಕಟ್ಟಿತ್ತು. ದ್ಯಾಮಣ್ಣ ಬಿಸಿನೀರಿನ ಹಬೆ ಕೊಟ್ಟ, ಓಮ ಹುರಿದು ಬಟ್ಟೆಯಲ್ಲಿ ಕಟ್ಟಿ ಮೂಸಿಸಿದ. ಏನೂ ಆಗಲಿಲ್ಲ. ಒಂಬತ್ತೂಕಾಲಿಗೆ ಗೇಟಿನ ಮುಂದೆ ಹೋದೆ. ಮೌನೇಶಪ್ಪ ಪುಸ್ತಕ ಹಿಡಿದು ಗಡಿಯಾರ ನೋಡುತ್ತಿದ್ದ. ಬೀದಿಯವರೆಲ್ಲ ತಮ್ಮ ತಮ್ಮ ಕಟ್ಟೆಗಳ ಮೇಲಿದ್ದರು. ಹಾಲವ್ವ ಹೊಸ ಸೀರೆ ಉಟ್ಟು ಕಡತ ಹಿಡಿದು ಹೊಸ್ತಿಲಲ್ಲಿದ್ದಳು. ಅವಳ ಮುಖ ನೋಡಿದೆ. ರಾತ್ರಿ ಅತ್ತಿದ್ದಳು, ಅದನ್ನೂ ಯಾರಿಗೂ ಕೇಳದ ಹಾಗೆ.

ಒಂಬತ್ತು ಇಪ್ಪತ್ತು. ನಿನ್ನೆಯ ಸೀನು ಬಂತು, ಅದಕ್ಕೇನು ನೆಗಡಿಯೇ? ಬೀದಿಯವರೆಲ್ಲ ಜೋಡಿಗಾಗಿ ನನ್ನ ಕಡೆ ತಿರುಗಿದರು. ನಾನು ಮೆಣಸಿನಕಾಯಿ ಮುರಿದು ಮೂಗಿಗೆ ಒತ್ತಿದೆ. ಇಲ್ಲ. ಸೂರ್ಯನನ್ನು ದಿಟ್ಟಿಸಿದೆ. ಬಾಯಿ ತೆರೆಯಿತು, ಒಂದು ಕಣ್ಣು ಮುಚ್ಚಿತು, ಹುಬ್ಬು ಮೇಲೇರಿತು, ಸೀನು ಗಂಟಲವರೆಗೆ ಬಂದು ಅಲ್ಲೇ ಕೂತಿತು. ದ್ಯಾಮಣ್ಣ ಓಡಿಬಂದು ಬೇವಿನ ಕಡ್ಡಿ ಕೊಟ್ಟ. ಕಡ್ಡಿಯನ್ನು ಮೂಗಿಗೆ ಹಾಕಿಕೊಂಡು, ಒಂದು ಕಾಲಿನ ಮೇಲೆ ನಿಂತು, ಆಕಾಶಕ್ಕೆ ಬಾಯಿ ಬಿಟ್ಟುಕೊಂಡು "ಆ... ಆ..." ಎಂದೆ. ಒಂದು ಕಾಲಿನ ಮೇಲೆ ಯಾಕೆ ನಿಂತೆನೋ ನನಗೂ ಗೊತ್ತಿಲ್ಲ, ಅಷ್ಟು ಹತಾಶನಾಗಿದ್ದೆ. ಕೊನೆಗೆ ಆ ಸೀನು ಹೊರಗೆ ಬರಲಾರದೆ ಬಿಕ್ಕಳಿಕೆಯಾಗಿ "ಹಿಕ್" ಎಂದು ಬಂತು. ಕೋಳಿಮರಿಯದು ಕೂಡ ಇನ್ನೂ ಜೋರಾಗಿರುತ್ತದೆ.

ಆಗ ಹಾಲವ್ವ ನಕ್ಕಳು.

ಮೊದಲು ಬಾಯಿಗೆ ಸೆರಗು ಒತ್ತಿಕೊಂಡಳು. ಸೆರಗು ಸಾಲಲಿಲ್ಲ. ಕಡತ ಕೈಯಿಂದ ಬಿತ್ತು, ಕಾಗದಗಳು ಅಂಗಳದ ತುಂಬ ಹಾರಿದವು, ಅವಳು ಗೇಟು ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಹೋ ಹೋ ಎಂದು ನಕ್ಕಳು. ನಿಲ್ಲಿಸಬೇಕೆಂದು ಉಸಿರು ಹಿಡಿದಳು, ನನ್ನ ಮೂಗಿನಲ್ಲಿದ್ದ ಕಡ್ಡಿ ನೋಡಿ ಮತ್ತೆ ಶುರುಮಾಡಿದಳು. ಎಂಥ ನಗು ಅಂತೀರಿ! ಅಂಥ ದನಿ ಆ ಮೈಯಲ್ಲಿ ನಾಲ್ಕು ವರ್ಷ ಎಲ್ಲಿ ಅಡಗಿತ್ತು? ಮೂರನೇ ಮನೆಯಿಂದ ದ್ಯಾಮಣ್ಣನ ಹೆಂಡತಿ "ಕೇಳ್ತು!" ಎಂದು ಪಿಸುಗುಟ್ಟುವುದನ್ನೇ ಮರೆತು ಕೂಗಿದಳು. ಏಳನೇ ಮನೆಯ ಮುದುಕ ಹೊರಗೆ ಬಂದು "ಹಾಲವ್ವನ ಮನಿ ತಗದೈತೇನು?" ಎಂದು ಕೇಳಿದ.

ಮೌನೇಶಪ್ಪ ಲೇಖನಿಯ ಮುಚ್ಚಳ ತೆಗೆದ. ಬಿಳಿ ಪುಟದಲ್ಲಿ ಬರೆದು, ಬರೆದದ್ದನ್ನು ಓದಿದ: "ಒಂಬತ್ತು ಇಪ್ಪತ್ತೆರಡು. ನಗು. ಮನೆಯದ್ದು." ಆಮೇಲೆ ಹೇಳಿದ, "ನಡೀರಿ ಹಾಲವ್ವಾರ, ಸಾಹೇಬ್ರು ಸಹಿ ಹಾಕ್ತಾರ. ನಾಳಿ ಹೊತ್ತಿಗೆ ಸರಿಯಾಗಿ ನಿಲ್ರಿ, ನಿಮ್ಮ ನಗು ಬರ್ತೈತಿ."

ಅವಳು ಕಾಗದ ಆರಿಸಿಕೊಂಡು ಹೊರಟಳು. ಗೇಟಿನಾಚೆ ಬಂದ ಮೇಲೆ ನೆನಪಾಯಿತು. "ಸೀನು ಒಂಟೀನ ಉಳೀತಲ್ರಿ," ಎಂದು ನಿಂತಳು. ನಾನು ಏನೋ ಹೇಳಹೋದೆ. "ಉಳೀಲಿ ಬಿಡ್ರಿ," ಎಂದು ತಾನೇ ಅಂದು, ಎರಡು ಹೆಜ್ಜೆ ನಡೆದು, ಮತ್ತೆ ತಿರುಗಿದಳು. "ಹಂಗಾರ ಇವತ್ತು ನಿಮ್ಮ ಸದ್ದು ಏನೂ ಉಳೀಲಿಲ್ಲ. ಬಿಕ್ಕಳಿಕಿ ಮೂರನೇ ಮನಿಗೆ ಕೇಳಿರಂಗಿಲ್ಲ."

"ಇಲ್ಲ," ಎಂದೆ.

"ಹಂಗಾರ ಹೋಗಬಹುದು ನೀವು," ಎಂದಳು. ನನ್ನ ಕಡೆ ನೋಡದೆ ಕಡತದ ದಾರ ಕಟ್ಟಿದಳು, ಮೌನೇಶಪ್ಪನ ಹಿಂದೆ ನಡೆದುಬಿಟ್ಟಳು.

ದ್ಯಾಮಣ್ಣನಿಗೆ ಕೈಮುಗಿದು ಚೀಲ ಕಟ್ಟಿದೆ. ಹನ್ನೆರಡರ ಬಸ್ಸು ಬಂತು. ಹತ್ತಿದೆ, ಕಿಟಕಿಯ ಬದಿಗೆ ಕೂತೆ, ಚೀಲ ಮೇಲಿಟ್ಟೆ. ಮೂಗು ಆಗಲೇ ಬಿಟ್ಟಿತ್ತು, ಎಂಥ ದ್ರೋಹಿ ಮೂಗು. ಸಹಿ ಆಯಿತೆಂದು ಬೀದಿಯಲ್ಲಿ ಹೋಗುವವರು ಒಬ್ಬರಿಗೊಬ್ಬರು ಪಿಸುಗುಟ್ಟುವುದು ಕಿಟಕಿಯಿಂದ ಕೇಳಿತು. ನನಗೆ ಸಂತೋಷವಾಯಿತು, ಆಮೇಲೆ ನಾಳೆಯ ವಿಚಾರ ನೆನಪಾಯಿತು. ನಾಳೆ ಒಂಬತ್ತು ಇಪ್ಪತ್ತೆರಡಕ್ಕೆ ಅವಳು ಗೇಟಿನಲ್ಲಿ ನಿಂತಿರುತ್ತಾಳೆ. ನಗು ಬರುತ್ತದೆ, ಅಷ್ಟು ದೊಡ್ಡ ನಗು. ಯಾರನ್ನು ನೋಡಿ ನಕ್ಕಳೋ ಆ ಜಾಗ ಖಾಲಿ ಇರುತ್ತದೆ. ಒಂಟಿ ಸೀನಿಗೆ ಶಾಸ್ತ್ರ ಏನು ಹೇಳುತ್ತದೆಂದು ಎಲ್ಲರಿಗೂ ಗೊತ್ತು. ಒಂಟಿ ನಗುವಿಗೆ ಏನು ಹೇಳುತ್ತದೋ ನನಗೆ ಗೊತ್ತಿಲ್ಲ, ಒಳ್ಳೆಯದನ್ನಂತೂ ಹೇಳಿರಲಾರದು.

ಕಂಡಕ್ಟರ್ ಬಂದ. ಅದೇ ಕಂಡಕ್ಟರ್. "ಸದ್ದು ಏನರ ಉಳದೈತೇನ್ರಿ?" ಎಂದ.

"ಉಳದೈತಿ," ಎಂದೆ.

"ನಿಮ್ಮದಾ?"

"ಪಾಲು ಐತಿ," ಎಂದು, ಈ ಸಲ ಚೀಲವನ್ನು ನಾನೇ ಇಳಿಸಿಕೊಂಡೆ.